ಬೋಯಿನ್‌ಪಲ್ಲಿಗೆ ಒಂದು ಪ್ರಯಾಣ

ಹೈದರಾಬಾದಿನಲ್ಲಿ ಹನ್ನೊಂದು ವರ್ಷ ಸಂಸಾರ ಹೂಡಿದ ನಾವು, ಈ ಊರಲ್ಲಿ ನೋಡತಕ್ಕದ್ದನ್ನೆಲ್ಲ ನೋಡಿಯಾಯಿತೆಂದು ತಿಳಿದಿದ್ದೆವು. ನಾಡಿನಿಂದ ನೆಂಟರು ಬಂದಾಗಲೆಲ್ಲ ಚಾರಮಿನಾರು, ಗೋಲ್ಕೊಂಡೆ, ಸಾಲಾರಜಂಗರ ಸಂಗ್ರಹಾಲಯದ ಗಂಟೆ ಹೊಡೆಯುವ ಬೊಂಬೆ, ಇವನ್ನು ತೋರಿಸಿ ತೋರಿಸಿ ನಮಗೆ ಬಾಯಿಪಾಠವಾಗಿ ಹೋಗಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಕಲಬುರ್ಗಿಯಿಂದ ಅಕ್ಕ ಬಂದಿಳಿದಾಗ ಚಾರಮಿನಾರಿನ ಮಾತೇ ಏಳಲಿಲ್ಲ. ಜೋಳದ ರೊಟ್ಟಿಯ ಗಂಟನ್ನೂ ಶೇಂಗಾ ಹಿಂಡಿಯ ಡಬ್ಬಿಯನ್ನೂ ನಮ್ಮಾಕೆಯ ಕೈಗಿತ್ತು, "ತಮ್ಮಾ, ಬೋಯಿನ್‌ಪಲ್ಲಿಯೊಳಗ ಒಂದು ಸಂಸ್ಥೆ ಅದ ಅಂತ. ಇವನ್ನ ಅಲ್ಲಿಗೆ ಕರಕೊಂಡು ಹೋಗಬೇಕು" ಎಂದಳು.

ಆಕೆಯ ಸೆರಗಿನ ಹಿಂದೆ ಹತ್ತೊಂಬತ್ತು ವರ್ಷದ ಮಗ ನಿಂತಿದ್ದ. ಮೀಸೆ ಮೂಡಿದೆ, ಮಾತು ಮಾತ್ರ ಎಳೆಯ ಮಕ್ಕಳದು. ಹುಟ್ಟಿನಿಂದಲೂ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಐದನೆಯ ಇಯತ್ತೆಯವರೆಗೆ ಎಲ್ಲ ಮಕ್ಕಳ ಶಾಲೆಯಲ್ಲಿ ಕುಳಿತು, ಆಮೇಲೆ ಇಂಥ ಮಕ್ಕಳಿಗೆಂದೇ ಇರುವ ಶಾಲೆಗೆ ಹೋಗಿ, ಹದಿನೆಂಟು ತುಂಬಿದೊಡನೆ ಮನೆಗೆ ಬಂದಿದ್ದ. ಶಾಲೆಯಲ್ಲಿದ್ದಾಗ ಒಬ್ಬನೇ ಹೋಗಿ ಹಾಲಿನ ಪಾಕೀಟು ತರುತ್ತಿದ್ದನಂತೆ. ಮನೆಯಲ್ಲಿ ಒಂದು ವರ್ಷ ಕುಳಿತ ಮೇಲೆ ಓಣಿ ದಾಟಲಿಕ್ಕೂ ಅಂಜಿಕೆ. "ಕಲಿತದ್ದೆಲ್ಲ ಸೋರಿ ಹೋಗಲಿಕ್ಕೆ ಹತ್ತೇದ" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಆಕೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತನ್ನೂ ನಾವು ಬಲ್ಲೆವು: ನಾವು ಹೋದ ಮೇಲೆ ಇವನಿಗೆ ಯಾರು?

ಮರುದಿನ ರಜೆ ಬರೆದು ಕೊಟ್ಟು ಕಾಚಿಗೂಡದಿಂದ ಹೊರಟೆವು. ಟ್ಯಾಂಕ್‌ಬಂಡಿನ ಮೇಲೆ ಬಸ್ಸು ಸಾಗುವಾಗ ಹುಸೇನ್‌ಸಾಗರದ ನಡುವೆ ನಿಂತ ಬುದ್ಧನನ್ನು ಕಂಡು ಹುಡುಗ ಕೈ ಬೀಸಿದ. ಕಂಡಕ್ಟರು ಬಂದು ಅವನನ್ನೇ, "ಎಲ್ಲಿಗೆ?" ಎಂದು ಕೇಳಿದರೆ, ಅವನು ಬಾಯಿ ತೆರೆಯುವಷ್ಟರಲ್ಲಿ ನಾವು ಉತ್ತರ ಕೊಟ್ಟು ಚೀಟಿ ಪಡೆದೆವು. ತಾಡಬಂದಿನ ಆಂಜನೇಯನಿಗೆ ಅಕ್ಕ ಬಸ್ಸಿನೊಳಗಿನಿಂದಲೇ ಕೈ ಮುಗಿದಳು.

ಬೋಯಿನ್‌ಪಲ್ಲಿಯ ಈ ಜಾಗದ ಹೆಸರು ಮನೋವಿಕಾಸ ನಗರ. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ ಕೇಂದ್ರ ಸರಕಾರ 1984ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆ ಇಲ್ಲಿದೆ. ಆಗ ಇಟ್ಟ ಹೆಸರಿನಲ್ಲಿ 'ಮಾನಸಿಕ ವಿಕಲಾಂಗ' ಎಂಬ ಮಾತಿತ್ತು. ಈಗ ಅದು ಹೋಗಿ 'ಸಬಲೀಕರಣ' ಎಂಬ ಮಾತು ಬಂದಿದೆ. ಕಾಯುವ ಜಗಲಿಯಲ್ಲಿ ತೆಲುಗು, ಹಿಂದಿ, ಮರಾಠಿ ಎಲ್ಲವೂ ಕಿವಿಗೆ ಬಿದ್ದವು. ಭಾಷೆ ಬೇರೆಯಾದರೂ ತಾಯಂದಿರ ಮುಖದ ಮೇಲಿನ ಪ್ರಶ್ನೆ ಒಂದೇ.

ಗುಮಾಸ್ತರಾದ ನಾವು ಸರ್ಟಿಫಿಕೇಟುಗಳನ್ನೆಲ್ಲ ಟ್ಯಾಗು ಹಾಕಿ, ಪುಟಕ್ಕೆ ಅಂಕಿ ಕೊಟ್ಟು ಫೈಲು ಮಾಡಿ ಒಯ್ದಿದ್ದೆವು. ಒಳಗಿದ್ದ ಶಿಕ್ಷಕಿ ಅದನ್ನು ಮೇಜಿನ ಬದಿಗಿಟ್ಟು ಹುಡುಗನ ಕಡೆ ತಿರುಗಿ, "ನಿನಗೆ ಯಾವ ಕೆಲಸ ಇಷ್ಟ?" ಎಂದು ಹಿಂದಿಯಲ್ಲಿ ಕೇಳಿದರು. "ಅವನಿಗೆ ಅಷ್ಟೇನೂ..." ಎಂದು ನಾವು ಶುರುಮಾಡಿದೆವು. "ನಾನು ಅವನನ್ನು ಕೇಳಿದೆ" ಎಂದು ಅವರು ನಕ್ಕರು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಕಳೆದಿರಬೇಕು. ಹುಡುಗ ಮೆಲ್ಲನೆ, "ಬಟ್ಟೆ ಮಡಚೋದು" ಎಂದ. ಅಕ್ಕ ನಮ್ಮ ಮುಖ ನೋಡಿದಳು. ಮನೆಯ ಬಟ್ಟೆಯನ್ನೆಲ್ಲ ದಿನವೂ ಅವನೇ ಮಡಚಿಡುತ್ತಿದ್ದ. ಅದೂ ಒಂದು ಕೆಲಸವೆಂದು ಯಾರಿಗೂ ಹೊಳೆದಿರಲಿಲ್ಲ!

ಶಿಕ್ಷಕಿ ಹೇಳಿದ್ದರ ಸಾರ ಇಷ್ಟು. ಕೆಲಸ ಯಾವುದೇ ಇರಲಿ, ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಚಹ ಮಾಡುವುದು ನಮಗೆ ಒಂದು ಕೆಲಸ. ಅವನಿಗೆ ಹತ್ತಿಪ್ಪತ್ತು ಕೆಲಸ. ಒಂದು ಹೆಜ್ಜೆ ಕೈಗೆ ಹತ್ತಿದ ಮೇಲೆ ಮುಂದಿನದು. ಕೆಲವೊಮ್ಮೆ ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುವುದುಂಟು; ಮುಗಿಸಿದೆನೆಂಬ ಸಂತೋಷ ಆಗ ಮೊದಲ ದಿನವೇ ದೊರೆಯುತ್ತದೆ. ಕಸುಬಿನಷ್ಟೇ ಮುಖ್ಯವಾದ ಪಾಠಗಳು ಬೇರೆ ಇವೆ: ಹೊತ್ತಿಗೆ ಸರಿಯಾಗಿ ಸಿದ್ಧನಾಗುವುದು, ಬಸ್ಸು ಹಿಡಿಯುವುದು, ಚಿಲ್ಲರೆ ಎಣಿಸುವುದು, ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಕೇಳುವುದು. ಕೆಲಸ ಸಿಕ್ಕಿದ ಮೇಲೆ ಕಲಿಸುವವರೊಬ್ಬರು ಅಲ್ಲಿಗೇ ಹೋಗಿ ಕೆಲವು ದಿನ ಪಕ್ಕದಲ್ಲಿ ನಿಂತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯಬೇಕು. ಇದೆಲ್ಲ ಶಾಲೆ ಮುಗಿದ ಮೇಲಲ್ಲ, ಹದಿನಾಲ್ಕು ಹದಿನೈದನೆಯ ವಯಸ್ಸಿಗೇ ಆರಂಭವಾಗಬೇಕು.

"ಹಾಗಾದರ ನಮಗ ತಡ ಆತೇನ್ರಿ?" ಎಂದಳು ಅಕ್ಕ.

"ತಡವಾಗಿದೆ, ಹೊತ್ತು ಮುಳುಗಿಲ್ಲ" ಎಂದರು ಅವರು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 1995ರ ಕಾಯಿದೆಯಲ್ಲಿ ಸರಕಾರಿ ನೌಕರಿಯ ಮೀಸಲಾತಿ ಇಂಥವರಿಗೆ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿ, ಅದರಲ್ಲಿ ಶೇಕಡಾ 1ನ್ನು ಸ್ವಲೀನತೆ, ಬೌದ್ಧಿಕ ಅಸಾಮರ್ಥ್ಯ, ಕಲಿಕೆಯ ನಿರ್ದಿಷ್ಟ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಒಂದಕ್ಕಿಂತ ಹೆಚ್ಚು ನ್ಯೂನತೆಗಳುಳ್ಳವರಿಗೆ ಕೊಟ್ಟಿತು. ಈ ರೋಸ್ಟರು ಪುಸ್ತಕವನ್ನು ನಮ್ಮ ಕಚೇರಿಯಲ್ಲಿ ಬರೆಯುವವರು ನಾವೇ. ಆ ಕಲಮಿನ ಎದುರಿಗೆ 'ಮುಂದಿನ ವರ್ಷಕ್ಕೆ ಒಯ್ಯಲಾಗಿದೆ' ಎಂದು ನಮ್ಮದೇ ದುಂಡು ಅಕ್ಷರದಲ್ಲಿ ಎಷ್ಟು ಸಲ ಬರೆದೆವೋ! ಒಮ್ಮೆಯಾದರೂ ಆ ಕಲಮಿಗೆ ಒಂದು ಮುಖವಿದೆ ಎಂದು ಎಣಿಸಿದ್ದಿಲ್ಲ. ಕಚೇರಿಯಲ್ಲಿ ಅಕ್ಕನ ಮಗನ ಮಾತು ಬಂದಾಗ, "ಏನೋ ಓದುತ್ತಿದ್ದಾನೆ" ಎಂದು ಹಾರಿಸಿಬಿಟ್ಟವರೂ ನಾವೇ. ಮರುದಿನ ಮೇಲಧಿಕಾರಿಗಳಿಗೆ ಆ ಖಾಲಿ ಸ್ಥಾನದ ಬಗ್ಗೆ ಒಂದು ಟಿಪ್ಪಣಿ ಮಂಡಿಸಿದೆವು. ಇದರಿಂದ ನಮ್ಮ ಹುಡುಗನಿಗೆ ಪ್ರಯೋಜನವಿಲ್ಲ. ಅವನು ಹತ್ತನೆಯ ತರಗತಿ ಮುಗಿಸಿಲ್ಲ. ಬೇರೆ ಯಾರ ಮನೆಯ ಹುಡುಗನಿಗಾದರೂ ಆದೀತು.

ಅಕ್ಕ ಊರಿಗೆ ಮರಳಿದಳು. ಹುಡುಗ ನಮ್ಮಲ್ಲಿ ಉಳಿದ. ಫೈಲು, ಲಕೋಟೆ ಮಾಡುವ ಒಂದು ಸಣ್ಣ ಕಾರ್ಯಾಗಾರದಲ್ಲಿ ಅವನಿಗೆ ಜಾಗ ದೊರೆಯಿತು. ಬಟ್ಟೆ ಮಡಚಿದ ಕೈ ರಟ್ಟನ್ನೂ ನೇರವಾಗಿ ಮಡಚಿತು. ಮೊದಲ ವಾರ ನಾವು ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಕುಳಿತೆವು. ಎರಡನೆಯ ವಾರ ಎರಡು ಸಾಲು ಹಿಂದೆ. ನಾಲ್ಕನೆಯ ವಾರ ಅವನಿಗೆ ಕಾಣದಂತೆ ಕಟ್ಟಕಡೆಯ ಸೀಟಿನಲ್ಲಿ. ಅಂದು ಕಂಡಕ್ಟರು ಬಂದು ಎಲ್ಲಿಗೆಂದು ಕೇಳಿದರು. ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡೆವು. ಹುಡುಗ ನಿಧಾನವಾಗಿ ನಿಲ್ದಾಣದ ಹೆಸರು ಹೇಳಿ, ಚಿಲ್ಲರೆ ಎಣಿಸಿ ಕೊಟ್ಟ.

ನಮ್ಮ ಕನ್ನಡ ಮನೆಗಳಲ್ಲಿ ಇಂಥ ಮಕ್ಕಳನ್ನು ಒಳಕೋಣೆಯಲ್ಲಿಟ್ಟ ಸಂಸಾರಗಳು ಇನ್ನೂ ಇರಬಹುದು. ಅವರಲ್ಲಿ ನಮ್ಮ ವಿನಂತಿ ಇಷ್ಟೆ. ಅಂಗವಿಕಲರ ಗುರುತಿನ ಚೀಟಿಯನ್ನು ಮೊದಲು ಮಾಡಿಸಿರಿ. ಓದಬಲ್ಲ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಯ ವಿಷಯಗಳನ್ನು ಐದು ವರ್ಷಗಳಲ್ಲಿ ಬಿಡಿಬಿಡಿಯಾಗಿ ಮುಗಿಸುವ ಅನುಕೂಲವಿದೆ. ಹದಿನೆಂಟು ತುಂಬಿದ ಮೇಲೆ ಪೋಷಕತ್ವ ಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಕೊಡಬಹುದು. ದಿಲ್ಲಿಯ ಬಂಧುಗಳಿಗೆ ಹತ್ತಿರದ ಉದಾಹರಣೆಯೊಂದಿದೆ: ನಮ್ಮ ಹುಬ್ಬಳ್ಳಿಯಲ್ಲಿ 2017ರಲ್ಲಿ ಆರಂಭವಾದ, ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಬಾಗಿಲು ತೆರೆಯಿತು.

ಮೊನ್ನೆ ಹುಡುಗ ತಾನೇ ಮಾಡಿದ ಫೈಲೊಂದನ್ನು ತಂದು, "ಮಾಮಾ, ನಿಮ್ಮ ಆಫೀಸಿಗೆ" ಎಂದು ಕೊಟ್ಟ. ಟ್ಯಾಗಿನ ತೂತು ಒಂದಿಷ್ಟು ಸೊಟ್ಟಗಿದೆ. ಅದು ಈಗ ನಮ್ಮ ಮೇಜಿನ ಮೇಲಿದೆ. ಯಾರು ಮಾಡಿದ್ದೆಂದು ಕೇಳಿದವರಿಗೆ, "ನಮ್ಮ ಅಕ್ಕನ ಮಗ" ಎನ್ನುತ್ತೇವೆ.