ಹೊಣೆ

ಕಳೆದ ವರ್ಷದ ಮಾಘಮಾಸದಲ್ಲಿ, ನಾನು ಮೂವತ್ತು ವರ್ಷ ಪಾಠ ಹೇಳಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ಗುರುವಂದನೆಯ ಸಮಾರಂಭವೊಂದನ್ನು ನೆರವೇರಿಸಿದರು. ರೋಣ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಹಳ್ಳಿಯದು. ಶಾಲು, ಹಾರ, ಫಲತಾಂಬೂಲಗಳ ಮರ್ಯಾದೆಯೆಲ್ಲ ಯಥಾವಿಧಿಯಾಗಿ ನಡೆಯಿತು. ಶಿಷ್ಯರ ಪರವಾಗಿ ಮಾತನಾಡಲು ಎದ್ದವನು ಗಜೇಂದ್ರಗಡದ ನೇಕಾರ ಮನೆತನದ ಹುಡುಗ. ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿ ಓದಿದವನು. ಹುಡುಗನೆಂದು ಬರೆದೆನಾದರೂ ಅವನ ಕಿವಿಯ ಮೇಲಿನ ಕೂದಲು ಈಗ ನರೆತಿರುವವು. ಬೆಂಗಳೂರಿನಲ್ಲಿ ಸ್ವಂತ ಉದ್ಯೋಗವನ್ನು ಕಟ್ಟಿ ಎಷ್ಟೋ ಸಂಸಾರಗಳಿಗೆ ಅನ್ನದ ದಾರಿ ಮಾಡಿರುವನು. ಅವನು ಹೇಳಿದ್ದಿಷ್ಟು: "ಗುರುಗಳು ಕಲಿಸಿದ ಸುಭಾಷಿತಗಳೆಲ್ಲ ಮರೆತುಹೋದವು. ಒಂದು ಮಾತು ಮಾತ್ರ ಉಳಿಯಿತು. 'ಈ ಎರಿಮಣ್ಣಿನಾಗ ಕಾಲು ಹುಗಿದುಕೊಂಡು ಕೂಡಬ್ಯಾಡ್ರಿ, ಓದಿ ಊರು ಬಿಟ್ಟು ಹೋಗ್ರಿ' ಅಂತಿದ್ದರು. ಬಿಟ್ಟು ಹೋದೆವು, ಉದ್ಧಾರವಾದೆವು." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ನಕ್ಕೆನು; ಆದರೆ ಹೊದಿಸಿದ ಶಾಲು ಏಕೋ ಭಾರವಾದಂತೆ ತೋರಿತು.

ಆ ಮಾತು ನನ್ನದೇ. ಅದನ್ನು ನಾನು ಅಲ್ಲಗಳೆಯಲಾರೆ. ಆಡಿದ್ದಕ್ಕೆ ಪೂರ್ತಿಯಾಗಿ ಪಶ್ಚಾತ್ತಾಪವೂ ಇಲ್ಲ. ನಮ್ಮ ಭಾಗದ ಸ್ಥಿತಿಯನ್ನು ಬಲ್ಲ ವಾಚಕರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಮುಂಗಾರಿಯ ಹೆಸರು ಕೈಕೊಟ್ಟರೆ ಹಿಂಗಾರಿಯ ಜೋಳ, ಕಡಲೆಗಳ ಮೇಲೆ ಆಸೆ. ಅವೂ ಕೈಕೊಟ್ಟರೆ ಗೋವೆಗೋ ಮಂಗಳೂರಿಗೋ ಗುಳೆ. ವರ್ಗದಲ್ಲಿ ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳನ್ನು ಎಷ್ಟೋ ವರ್ಷ ಕರೆದಿರುವೆನು. ಬಡತನದಿಂದ ಪಾರಾಗೆಂದು ಮಕ್ಕಳಿಗೆ ಹೇಳದ ಮಾಸ್ತರನು ಮಾಸ್ತರನೇ ಅಲ್ಲ. ಆದರೆ ಪಾರಾದ ಮೇಲೆ ಏನೆಂಬುದನ್ನು ನಾನು ಹೇಳಿರಲಿಲ್ಲ. ನನಗೇ ಅದು ತಿಳಿದಿರಲಿಲ್ಲವೆಂಬುದು ಆ ಸಂಜೆ ಗೊತ್ತಾಯಿತು.

ಸಮಾರಂಭ ಮುಗಿದು ಜನ ಚದುರಿದ ಮೇಲೆ ಅವನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತನು. ನನ್ನ ಮುಖವನ್ನು ಓದಿಕೊಂಡಿದ್ದನೆಂದು ಕಾಣುತ್ತದೆ. "ತೆರಿಗಿ ಕಟ್ತೀನಿ. ಸಾಲಿಗೆ ಕಮಾನು ಕಟ್ಟಿಸಿಕೊಟ್ಟೀನಿ. ಹೊಳಿ ಬಂದಾಗ ರೊಕ್ಕ ಕಳಿಸೀನಿ. ದೇಶಕ್ಕ, ಊರಿಗೆ ಇನ್ನೇನು ಮಾಡಬೇಕ್ರಿ, ಗುರುಗಳ?" ಎಂದನು. ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದನು.

ಪಾಠಶಾಲೆಯಲ್ಲಿ ಕಲಿತವನಿಗೆ ಇಂಥ ವೇಳೆಯಲ್ಲಿ ಮೊದಲು ನೆನಪಾಗುವವು ಋಣಗಳು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಲ್ಲರೂ ಎಣಿಸುವರು. ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನು, ಮನುಷ್ಯರ ಋಣವನ್ನು, ಕೂಡಿಸಿ ಹೇಳಿದೆ. ಬಂದವರಿಗೆ ಅನ್ನ, ವಸತಿಗಳನ್ನು ಕೊಟ್ಟು ಅದನ್ನು ತೀರಿಸಬೇಕಂತೆ. ಇದನ್ನು ಹೇಳಿದೆನು. ಅವನು ತಲೆಯಾಡಿಸಿದನೇ ಹೊರತು ಸಮಾಧಾನಗೊಳ್ಳಲಿಲ್ಲ. ಋಣವೆಂದರೆ ರೊಕ್ಕದಿಂದ ತೀರುವದೆಂಬ ಭಾವನೆ ಉದ್ಯೋಗಸ್ಥನಿಗೆ ಸಹಜವಾದದ್ದು. ಅವನು ತನ್ನ ಪಾಲಿನದನ್ನು ಆಗಲೇ ತೀರಿಸಿದ್ದನು.

ಆಗ ನಮ್ಮ ಸುತ್ತಲಿನ ದೃಷ್ಟಾಂತಗಳನ್ನೇ ಎತ್ತಿಕೊಂಡೆನು. ನಮ್ಮ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿಯ ಶಾಸನಸಭೆಯ ಸದಸ್ಯರಾಗಿದ್ದವರು. 1947ರಲ್ಲಿ ಆ ಸಭೆಯೊಳಗೆ ಕರ್ನಾಟಕದ ಏಕೀಕರಣದ ಠರಾವನ್ನು ಮಂಡಿಸಿದರು. ಮುಂದೆಯೂ ಕಾರ್ಯ ಕೈಗೂಡದಿರಲು 1953ರಲ್ಲಿ ಆ ಸ್ಥಾನಕ್ಕೆ ರಾಜೀನಾಮೆಯಿತ್ತು, ತಮ್ಮ ಹಳ್ಳಿಗೆ ಬಂದು ಉಪವಾಸ ಕುಳಿತರು. ಮನೆತನಕ್ಕೆ ಹೊಳೆಆಲೂರಿನ ಹೆಸರನ್ನು ಹೊತ್ತ ಆಲೂರ ವೆಂಕಟರಾಯರು ವಕೀಲಿಯನ್ನು ಬಿಟ್ಟು ಪತ್ರಿಕೆ, ಪುಸ್ತಕ, ಸಭೆಗಳಲ್ಲಿ ಆಯುಷ್ಯವನ್ನು ಸವೆಸಿದರು. ಇವರಿಬ್ಬರೂ ಬಿಟ್ಟುಕೊಟ್ಟದ್ದು ದೊಡ್ಡದು. ಎಲ್ಲರಿಗೂ ಅದು ಸಾಧ್ಯವಾಗದು. ಇಷ್ಟು ಹೇಳಿ ನಾನು ಕಣಗಿನಹಾಳದ ಮಾತಿಗೆ ಬಂದೆನು. ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ.

ಗದಗದ ಮಗ್ಗುಲಿಗಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ಸಂಗತಿ ಪ್ರಸಿದ್ಧವಾದದ್ದು. ಇಡೀ ಏಷ್ಯಾಖಂಡದಲ್ಲಿ ಅದೇ ಮೊದಲನೆಯದೆಂದು ನಮ್ಮವರು ಹೆಮ್ಮೆಪಡುವರು. ಹೆಮ್ಮೆಯ ನಿಜವಾದ ಕಾರಣ ಬೇರೊಂದಿದೆ. 1904ರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯನ್ನು ವಿಧಿಸಿದ್ದರು. ಅಂದರೆ ಸಂಘದ ಸಾಲ ತೀರದೆ ಹೋದರೆ, ಸಾಲ ತೆಗೆಯದ ಸದಸ್ಯನೂ ತನ್ನ ಹೊಲಮನೆಗಳವರೆಗೆ ಉತ್ತರವಾದಿಯಾಗಬೇಕು. ಸಾಹುಕಾರನ ಬಡ್ಡಿಯಲ್ಲಿ ಬೇಯುತ್ತಿದ್ದ ಒಕ್ಕಲಿಗರು ಇದನ್ನು ತಿಳಿದೂ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿದರು. ಅದು ರೊಕ್ಕದ ಸಂಸ್ಥೆಯೇ. ಲಾಭವನ್ನು ನೋಡಿಯೇ ಸೇರಿದರು. ಆದರೂ ನೆರೆಯವನ ಹೊಲದಲ್ಲಿ ಬೆಳೆ ಬಂದಿತೇ ಇಲ್ಲವೇ ಎಂಬುದು ಅಂದಿನಿಂದ ಪ್ರತಿಯೊಬ್ಬನ ಮನೆಯ ಮಾತಾಯಿತು. ಸಂಸ್ಕೃತದಲ್ಲಿ ಪ್ರತಿಭೂ ಎಂಬವನನ್ನು ಕನ್ನಡವು ಹೊಣೆಗಾರ ಎನ್ನುವದು. ಜಾಮೀನು, ಜವಾಬುದಾರಿ ಎರಡಕ್ಕೂ ನಮ್ಮ ಭಾಷೆ ಒಂದೇ ಶಬ್ದವನ್ನು ಇಟ್ಟುಕೊಂಡಿದೆ. ದೇಶವೆಂಬುದೂ ನನಗೆ ಇಂಥದೇ ಒಂದು ಪತ್ತಿನ ಸಂಘವಾಗಿ ತೋರುತ್ತದೆ.

ಸರಕಾರವೂ ಆ ಸಂಘದ ಒಬ್ಬ ಹೊಣೆಗಾರನೆಂಬುದನ್ನು ಮರೆಯಲಾಗದು. 1980ರಲ್ಲಿ ಮಲಪ್ರಭೆಯ ನೀರು ನೆಟ್ಟಗೆ ತಲುಪದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಕೇಳಿದಾಗ ನರಗುಂದ, ನವಲಗುಂದಗಳ ರೈತರು ತಿರುಗಿಬಿದ್ದರು. ಜುಲೈ 21ರಂದು ಗೋಲಿಬಾರಾಗಿ ಪ್ರಾಣಗಳು ಹೋದವು. ನಾನಾಗ ವಿದ್ಯಾರ್ಥಿ. ಕರ ಕೊಡುವದು ಪೌರನ ಧರ್ಮವೆಂದು ಓದಿದ್ದ ನನಗೆ, ಕೊಡೆನೆಂದವರು ಅಧರ್ಮಿಗಳಾಗಿ ಕಾಣಲಿಲ್ಲ.

ಇಷ್ಟನ್ನೂ ಕೇಳಿದ ಮೇಲೆ ಶಿಷ್ಯನು ಮೆಲ್ಲಗೆ ಅಂದನು: "ಹಂಗಾರ ಗುರುಗಳ, ನೀವು ಯಾರಿಗೆ ಹೊಣಿ ನಿಂತೀರಿ?"

ನಾನು ಒಳಗೆ ಹೋಗಿ ನೀರು ಕುಡಿದು ಬಂದೆನು. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿಯೂ ಬರೆಯುವೆನು. 2019ರ ಆಗಸ್ಟಿನಲ್ಲಿ ಹೊಳೆ ಬಂದಿತು. 2009ರಲ್ಲಿ ಕಂಡದ್ದನ್ನೇ ಮತ್ತೆ ಕಂಡೆವು. ಹೊಳೆಯ ಓಣಿಯವರೆಲ್ಲ ನಮ್ಮ ಶಾಲೆಯ ಕೋಣೆಗಳಲ್ಲಿ ಆಶ್ರಯ ಪಡೆದಿದ್ದರು. ಆ ವರ್ಷದ ಸ್ವಾತಂತ್ರ್ಯ ದಿನದಂದು, ಒಣಹಾಕಿದ ಕೌದಿಗಳ ನಡುವೆ ಧ್ವಜ ಏರಿತು. ಹಿಂದಿನ ವರ್ಷವಷ್ಟೇ ನಿವೃತ್ತನಾದ ನನ್ನನ್ನು ಭಾಷಣಕ್ಕೆ ಕರೆದಿದ್ದರು. ರೂಢಿಯಂತೆ 1858ರ ನರಗುಂದದ ಬಾಬಾಸಾಹೇಬರಿಂದ ಆರಂಭಿಸಿ, 1976ರಲ್ಲಿ ಸಂವಿಧಾನದೊಳಗೆ ಸೇರಿದ ಮೂಲಭೂತ ಕರ್ತವ್ಯಗಳವರೆಗೆ ಮಾತನಾಡಿದೆನು. ಒಂದೊಂದನ್ನೂ ಬಾಯಿಪಾಠವಾಗಿ ಹೇಳಿದೆನು. ನಿರಾಶ್ರಿತರೂ ಕೈ ತಟ್ಟಿದರು.

ಮರುದಿನ ಬಿದ್ದ ಮನೆಗಳ ಪಂಚನಾಮೆಗೆ ನಾಲ್ಕು ಜನ ಗೌರವಸ್ಥರು ಪಂಚರಾಗಿ ಬರಬೇಕೆಂದು ತರುಣರು ನನ್ನಲ್ಲಿಗೆ ಬಂದರು. ಬೀಳದ ಮನೆಗಳ ಹೆಸರು ಬರೆಯಿಸುವವರಿದ್ದಾರೆ, ಬಿದ್ದವರ ಹೆಸರು ಬಿಟ್ಟುಹೋಗುವ ಭಯವಿದೆ, ಮಾಸ್ತರರಿದ್ದರೆ ಯಾರೂ ಎದುರಾಡರು ಎಂದರು. ಸಹಿ ಮಾಡಿದರೆ ಒಂದು ಪಕ್ಷಕ್ಕೆ ವೈರಿ, ಮಾಡದಿದ್ದರೆ ಇನ್ನೊಂದಕ್ಕೆ. ಮಂಡಿನೋವೆಂದು ಹೇಳಿ ಕಳಿಸಿದೆನು. ನೋವು ಇದ್ದದ್ದು ನಿಜ. ಹಿಂದಿನ ದಿನ ಅದೇ ಮಂಡಿಯ ಮೇಲೆ ಮುಕ್ಕಾಲು ತಾಸು ನಿಂತಿದ್ದೆನು.

ಉಳ್ಳಾಗಡ್ಡಿಯ ಕೂಲಿಗೆ ಹೋಗುವ ವಿಧವೆಯೊಬ್ಬಳ ಮಣ್ಣಿನ ಮಾಳಿಗೆಯ ಮನೆ ಆ ಓಣಿಯಲ್ಲಿತ್ತು. ಹಿತ್ತಲ ಗೋಡೆ ಒಳಕ್ಕೆ ಕುಸಿದಿತ್ತು, ಬೀದಿಯ ಗೋಡೆ ನೆಟ್ಟಗಿತ್ತು. ಬರೆದುಕೊಳ್ಳುವವರು ಬೀದಿಯಲ್ಲಿಯೇ ನಿಂತು ನೋಡಿ ಅಲ್ಪಹಾನಿಯೆಂದು ಗುರುತು ಹಾಕಿದರು. ಒಳಗೆ ಹೋಗಿ ನೋಡಿರೆಂದು ಹೇಳಬಲ್ಲ ಒಬ್ಬನು ಅಲ್ಲಿರಬೇಕಾಗಿತ್ತು. ದಸರೆಯ ಹೊತ್ತಿನ ಮಳೆಗೆ ಉಳಿದದ್ದೂ ಬಿದ್ದಿತು. ಅವಳು ನನ್ನನ್ನು ಎಂದೂ ಬೈಯಲಿಲ್ಲ. ಒಂದು ಸಲ ಮಾತ್ರ ದಾರಿಯಲ್ಲಿ ನಿಂತು, "ಮಾಸ್ತರ್ರ, ನೀವೊಂದು ಸಹಿ ಮಾಡಿದ್ರ ಆಗಿತ್ತು" ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು.

ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದು, "ಆಕಿ ಮನಿ ನಾ ಕಟ್ಟಿಸಿ ಕೊಡ್ತೀನ್ರಿ" ಎಂದನು. ಉದಾರಿಯಾದವನು, ಮರುದಿನ ಬೆಳಿಗ್ಗೆಯೇ ನನ್ನೊಡನೆ ಅವಳಿದ್ದ ತಗಡಿನ ಮನೆಗೆ ಬಂದನು. ಅವಳು ಎಲ್ಲವನ್ನೂ ಕೇಳಿಕೊಂಡಳು. "ಕಟ್ಟಿಸಿದ್ರ ಬ್ಯಾಡ ಅನ್ನೂದಿಲ್ಲಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ. ಆದ್ರ ನನ್ನ ಮನಿ ಬಿದ್ದದ್ದು ಖರೇ ಅಂತ ಪಟ್ಟಿಯೊಳಗ ಬರೀಬೇಕು" ಎಂದಳು. ರೊಕ್ಕ ಸಿಕ್ಕ ಮೇಲೆ ಪಟ್ಟಿಯೇಕೆಂದು ಅವನು ಕೇಳಲು ಬಾಯಿ ತೆರೆದು, ನನ್ನತ್ತ ನೋಡಿ ಮುಚ್ಚಿದನು.

ಅರ್ಜಿಯನ್ನು ನಾನೇ ಬರೆದೆನು. ಅವಳ ಹೆಬ್ಬೆಟ್ಟಿನ ಕೆಳಗೆ, ಮನೆಯನ್ನು ಒಳಹೊಕ್ಕು ನೋಡದೆ ಹೋದ ಸಾಕ್ಷಿದಾರನೆಂದು ಬರೆಯುವ ಮನಸ್ಸಾಯಿತು. ಬರಿಯ ಹೆಸರು, ನಿವೃತ್ತ ಶಿಕ್ಷಕ ಎಂದಷ್ಟೇ ಬರೆದು ಸಹಿ ಹಾಕಿದೆನು. ಮೂವತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕಾಲಿಡದ ಗ್ರಾಮಸಭೆಗೆ ಅದನ್ನು ಹಿಡಿದುಕೊಂಡು ಹೋದೆನು. ಪಟ್ಟಿ ಮುಗಿದು ವರ್ಷಗಳಾದವು, ಈಗೇನೂ ಆಗದೆಂದು ಉತ್ತರ ಬಂದಿತು. ಉತ್ತರವನ್ನು ಬರವಣಿಗೆಯಲ್ಲಿ ಕೊಡಿರೆಂದು ಕೇಳಿದೆನು. ಹಿಂದೆ ಕುಳಿತವರಲ್ಲಿ ಯಾರೋ ನಕ್ಕರು. ಎರಡನೆಯ ಸಭೆಯಲ್ಲಿಯೂ ಕೇಳಿದೆನು. ಆಗ ಓಣಿಯ ಇನ್ನೂ ಮೂವರು ಹೆಣ್ಣುಮಕ್ಕಳು ತಮ್ಮ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.

ಶಿಷ್ಯನು ಕಟ್ಟಿಸುತ್ತಿರುವ ಮನೆಯ ಗೋಡೆಗಳು ಈಗ ಕಿಟಕಿಯ ಮಟ್ಟಕ್ಕೆ ಬಂದಿರುವವು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಬರುವ ಸಭೆಯ ತಾರೀಖನ್ನು ತಿಳಿಸಬೇಕೆಂದು ಅವನು ಬೆಂಗಳೂರಿನಿಂದ ಎರಡು ಸಲ ಕೇಳಿರುವನು. ಇಲ್ಲಿಯ ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಮಾತನಾಡಲು ಬಾರದು ಎಂದು ತಿಳಿಸಿದೆನು. "ಕುಂದರಾಕ ಬರ್ತೈತಿಲ್ರಿ?" ಎಂದನು.