ಗಂಟು ಎಲ್ಲಿಡುವುದು?

ನಮ್ಮಜ್ಜಿ ಹಣವನ್ನು ಎಂದೂ ಒಂದೇ ಕಡೆ ಇಟ್ಟವಳಲ್ಲ. ಸ್ವಲ್ಪ ಸಾಸಿವೆ ಡಬ್ಬಿಯಲ್ಲಿ, ಸ್ವಲ್ಪ ಸೆರಗಿನ ತುದಿಯಲ್ಲಿ, ಉಳಿದುದು ರಾಗಿ ವಾಡೆಯ ತಳದಲ್ಲಿ. ಈ ಅರ್ಥಶಾಸ್ತ್ರ ನನಗೆ ಬಿ.ಎ. ತರಗತಿಯಲ್ಲಿ ಸಿಕ್ಕಲಿಲ್ಲ, ಆದರೆ ಈ ವರ್ಷ ಅದೇ ಪ್ರಯೋಜನಕ್ಕೆ ಬಂದಿತು.

ಕಳೆದ ಬೇಸಗೆಯಲ್ಲಿ ಅವಳ ಬಾಯಿಂದ ಬೇಸಾಯದ ಪದಗಳನ್ನು ಕೇಳಿ ಬರೆದುಕೊಂಡಿದ್ದೆನು. ಕೂರಿಗೆ, ಕುಂಟೆ, ಮೇಟಿ, ಮೆದೆ, ಹೀಗೆ ಆರುನೂರಕ್ಕೂ ಮಿಕ್ಕಿ. ಮಾಗಿಯಲ್ಲಿ ಅಜ್ಜಿ ತೀರಿಕೊಂಡಳು. ಈಗ ಸಂದೇಹ ಬಂದರೆ ಕೇಳುವವರಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಓದುವ ನನ್ನ ಕೋಣೆಯ ಗೆಳೆಯ ಆ ಪದಗಳನ್ನು ಹುಡುಕಿಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದನು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಓಪನ್ ಸೋರ್ಸ್ ಮಾಡಲು ನಿಶ್ಚಯಿಸಿದೆವು. ಆದರೆ ಎಲ್ಲಿಡುವುದು?

“ಗಿಟ್‌ಹಬ್‌ನಲ್ಲಿ ಕಣಯ್ಯ, ಅದರಲ್ಲಿ ಯೋಚಿಸುವುದೇನಿದೆ?” ಎಂದನು ಗೆಳೆಯ.

2008ರಲ್ಲಿ ಆರಂಭವಾದ ಗಿಟ್‌ಹಬ್ ಇಂದು ಈ ಬಗೆಯ ಸಂತೆಗಳಲ್ಲೆಲ್ಲ ದೊಡ್ಡದು. ನಾನೋ ಇತಿಹಾಸದ ವಿದ್ಯಾರ್ಥಿ. ಕೋಟೆಗಳು ಬಿದ್ದ ಕಥೆ ಓದಿಯೇ ಮೂರು ವರ್ಷ ಕಳೆದವನು. ಆದುದರಿಂದ ಸಂತೆಗಳು ಎದ್ದುಹೋದ ಕಥೆಯನ್ನು ಹುಡುಕಿದೆನು. 1999ರ ಸೋರ್ಸ್‌ಫೋರ್ಜ್ ಒಂದು ಕಾಲಕ್ಕೆ ಎಲ್ಲರ ನೆಚ್ಚಿನ ತಾಣವಾಗಿತ್ತು. 2015ರಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಜಾಹೀರಾತಿನ ಬಾಲ ಕಟ್ಟಿ ಹಂಚಿ ಹೆಸರು ಕೆಡಿಸಿಕೊಂಡಿತು. ಮರುವರ್ಷ ಒಡೆಯರು ಬದಲಾದ ಮೇಲೆ ಆ ಚಾಳಿ ನಿಂತಿತು. ಗೂಗಲ್ ಕೋಡ್ 2006ರಲ್ಲಿ ತೆರೆದು 2016ರ ಜನವರಿಯಲ್ಲಿ ಮುಚ್ಚಿತು. ಅಷ್ಟು ದೊಡ್ಡ ಧಣಿಯೇ ಹತ್ತು ವರ್ಷಕ್ಕೆ ಅಂಗಡಿ ಎತ್ತಿದರೆ ನಮ್ಮ ಗಂಟಿನ ಗತಿಯೇನು! ಗಿಟ್‌ಹಬ್ಬನ್ನೇ ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರು ಬೆಲೆಗೆ ಕೊಂಡಿತು. ಅದರ ಮರುವರ್ಷ ಅಮೆರಿಕದ ನಿರ್ಬಂಧಗಳ ದೆಸೆಯಿಂದ ಇರಾನ್ ಮೊದಲಾದ ಕಡೆಯವರ ಖಾತೆಗಳಿಗೆ ತಡೆ ಬಿದ್ದಿತು. ಇರಾನಿನವರಿಗೆ ಬಾಗಿಲು ಮತ್ತೆ ತೆರೆದದ್ದು 2021ರಲ್ಲಿ.

ನನ್ನ ಮನಸ್ಸು ಬರ್ಲಿನ್ನಿನ ಕೋಡ್‌ಬರ್ಗಿನ ಕಡೆ ವಾಲಿತು. ಅದು ಲಾಭಕ್ಕಾಗಿ ನಡೆಯುವುದಲ್ಲ. ಸದಸ್ಯರ ವಂತಿಗೆ ಮತ್ತು ದಾನಗಳಿಂದ ನಡೆಯುವ ಸಂಘ. ಅದನ್ನು ನಡೆಸುವ ಫೋರ್ಜೆಯೊ ಎಂಬ ತಂತ್ರಾಂಶವೂ ಮುಕ್ತವೇ. ಗಿಟ್‌ಹಬ್ಬಿನ ಒಳಮನೆ ಹಾಗಲ್ಲ. ಗೆಳೆಯ ನಕ್ಕನು. “ಅಲ್ಲಿ ನಿನ್ನ ಮೇಟಿಯನ್ನು ಕೇಳುವವರು ಯಾರಿದ್ದಾರೆ? ಅಲ್ಲದೆ ಹೆದರಿಕೆ ಯಾಕೆ? ಗಿಟ್‌ನಲ್ಲಿ ಪ್ರತಿಯೊಂದು ನಕಲೂ ಮೊದಲಿನಿಂದ ಮಾಡಿದ ತಿದ್ದುಪಡಿಗಳನ್ನೆಲ್ಲ ಹೊತ್ತಿರುತ್ತದೆ. ಅಂಗಡಿ ಮುಚ್ಚಿದರೆ ಗಂಟು ಎತ್ತಿಕೊಂಡು ನಡೆದರಾಯಿತು.”

ಮಾತು ನಿಜ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ಟನ್ನು ರಚಿಸಿದುದೇ ಹಾಗೆ. ನಾನು ಸೋತು ಗಿಟ್‌ಹಬ್‌ನಲ್ಲಿಡಲು ಒಪ್ಪಿದೆನು.

ಮೂರನೆಯ ವಾರ ಅಪರಿಚಿತರೊಬ್ಬರು ಅಲ್ಲಿನ ‘ಇಶ್ಯೂ’ ಎಂಬ ಚರ್ಚೆಯ ಅಂಕಣದಲ್ಲಿ ಬರೆದರು: “ಮೆದೆ ಎಂದರೆ ಹುಲ್ಲಿನ ರಾಶಿ ಎಂದಿದ್ದೀರಿ. ನಮ್ಮೂರಿನಲ್ಲಿ ತೆನೆ ಬಿಡಿಸದ ರಾಗಿಯ ಕಂತೆಗಳನ್ನು ಒಟ್ಟಿದರೆ ಮಾತ್ರ ಮೆದೆ.” ಅಜ್ಜಿ ಇದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು! ನನಗಂತೂ ಅವಳೇ ಎದುರಿಗೆ ಕುಳಿತಂತಾಯಿತು. ಕೋಡ್‌ಬರ್ಗಿನಲ್ಲಿಟ್ಟಿದ್ದರೆ ಈ ಕಾಗದ ಬರುತ್ತಿತ್ತೋ ಇಲ್ಲವೋ.

ಆ ರಾತ್ರಿಯೇ ಹೊಳೆಯಿತು: ಇದು ಗಿಟ್ಟಿನ ನಕಲಿನಲ್ಲಿ ಬರುವುದಿಲ್ಲ. ಪದಗಳು ಬರುತ್ತವೆ, ಪ್ರೋಗ್ರಾಂ ಬರುತ್ತದೆ; ಪದಗಳ ಮೇಲಿನ ಮಾತುಕತೆ ಮಾತ್ರ ತಾಣದ ಉಗ್ರಾಣದಲ್ಲೇ ಉಳಿಯುತ್ತದೆ. ಅದನ್ನೂ ಸಾಗಿಸುವ ಉಪಾಯಗಳುಂಟು. ಆದರೆ ಬಾಗಿಲು ತೆರೆದಿರುವಾಗ ಮಾತ್ರ. ಗೆಳೆಯನನ್ನು ಎಬ್ಬಿಸಿ ಹೇಳಿದೆನು. “ಬೆಳಗ್ಗೆ ನೋಡೋಣ ಮಲಗಯ್ಯ” ಎಂದು ಮಗ್ಗುಲಾದನು.

ಈಗ ಗಂಟು ಗಿಟ್‌ಹಬ್‌ನಲ್ಲಿದೆ, ಪ್ರತಿ ಕೋಡ್‌ಬರ್ಗಿನಲ್ಲಿದೆ, ಇನ್ನೊಂದು ಗೆಳೆಯನ ಪೆನ್‌ಡ್ರೈವಿನಲ್ಲಿದೆ. ಬಂದ ಕಾಗದಗಳನ್ನೆಲ್ಲ ಭಾನುವಾರ ಕುಳಿತು ಪದಗಳ ಜೊತೆಯ ಕಡತವೊಂದಕ್ಕೆ ನಕಲು ಮಾಡುತ್ತೇನೆ. ಗೆಳೆಯ ಇದನ್ನು ಶ್ಯಾನುಭೋಗಿಕೆ ಎನ್ನುತ್ತಾನೆ. ಇದುವರೆಗೆ ಹನ್ನೊಂದು ಕಾಗದಗಳಾಗಿವೆ. ಮೆದೆಯ ಜಗಳ ಇನ್ನೂ ತೀರಿಲ್ಲ.