ಕಟ್ಟಿ ಮುಗಿಯದ ಕಲ್ಲಿನ ಬೆಟ್ಟ

ಜರ್ಮನಿಯ ಕೊಲೋನ್ ನಗರದ ರೈಲು ನಿಲ್ದಾಣದಿಂದ ಹೊರಬಿದ್ದ ಪ್ರವಾಸಿ ಮೊದಲು ಮಾಡುವ ಕೆಲಸವೆಂದರೆ ಕತ್ತೆತ್ತಿ ನೋಡುವುದು. ಎದುರಿಗೇ ಕಪ್ಪಿಟ್ಟ ಕಲ್ಲಿನ ಬೆಟ್ಟದಂತೆ ಕೆಥೆಡ್ರಲ್ ನಿಂತಿದೆ. ಅದರ ಜೋಡಿ ಗೋಪುರಗಳ ಎತ್ತರ 157 ಮೀಟರ್. ರೈನ್ ನದಿಯ ದಂಡೆಯ ಈ ಊರಿಗೆ ಬಂದವರು ಬೇರೇನನ್ನು ಬಿಟ್ಟರೂ ಇದನ್ನು ನೋಡದೆ ಹೋಗುವುದಿಲ್ಲ.

ಕಥೆಯ ಆರಂಭ 1164ರಲ್ಲಿ. ಬಾಲಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳದೆಂದು ನಂಬಲಾದ ಅಸ್ಥಿಗಳು ಆ ವರ್ಷ ಇಟಲಿಯ ಮಿಲಾನಿನಿಂದ ಇಲ್ಲಿಗೆ ಬಂದವು. ಅವುಗಳನ್ನಿಡಲು ಚಿನ್ನದ ಸಂಪುಟ ಸಿದ್ಧವಾಯಿತು. ಯಾತ್ರಿಕರು ತಂಡತಂಡವಾಗಿ ಬರತೊಡಗಿದರು. 1248ರಲ್ಲಿ ಹೊಸ ಗುಡಿಗೆ ಅಡಿಗಲ್ಲು ಬಿತ್ತು.

ಆದರೆ 16ನೇ ಶತಮಾನದಲ್ಲಿ ಹಣ, ಹುಮ್ಮಸ್ಸು ಎರಡೂ ಬತ್ತಿ ಕೆಲಸ ನಿಂತೇಹೋಯಿತು. ಅರೆಬರೆ ಎದ್ದಿದ್ದ ದಕ್ಷಿಣ ಗೋಪುರದ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಕ್ರೇನು ಮುಂದಿನ ಮುನ್ನೂರು ವರ್ಷ ಹಾಗೆಯೇ ನಿಂತಿತ್ತು. ಕೊನೆಗೆ ಅದೇ ಊರಿನ ಗುರುತಾಯಿತು. ಮುಂಭಾಗದ ಮೂಲ ನಕ್ಷೆಯೂ ಕಾಣೆಯಾಗಿತ್ತು. ಚರ್ಮದ ಹಾಳೆಯ ಮೇಲೆ ಬರೆದ ಅದರ ಒಂದರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿತು. 1842ರಲ್ಲಿ ಪ್ರಷ್ಯದ ದೊರೆ ನಾಲ್ಕನೇ ಫ್ರೀಡ್ರಿಕ್ ವಿಲ್ಹೆಲ್ಮ್ ಮತ್ತೆ ಅಡಿಗಲ್ಲಿಟ್ಟ. ಅವನು ಪ್ರಾಟೆಸ್ಟಂಟ್, ಗುಡಿ ಕ್ಯಾಥೊಲಿಕರದು! ಹಳೆಯ ನಕ್ಷೆಯನ್ನೇ ಅನುಸರಿಸಿ 1880ರಲ್ಲಿ ಕಟ್ಟಡ ಪೂರ್ಣಗೊಂಡಿತು. ಹಿಡಿದ ಕಾಲ 632 ವರ್ಷ.

ಎರಡನೇ ಮಹಾಯುದ್ಧದಲ್ಲಿ ಸುತ್ತಲಿನ ಊರು ನೆಲಕಚ್ಚಿತು. ಹದಿನಾಲ್ಕು ಬಾಂಬುಗಳ ಪೆಟ್ಟು ತಿಂದರೂ ಕೆಥೆಡ್ರಲ್ ನಿಂತೇ ಇತ್ತು. 1943ರಲ್ಲಿ ಉತ್ತರ ಗೋಪುರದ ಆಸರೆಗಂಬದಲ್ಲಿ ದೊಡ್ಡ ಕುಳಿ ಬಿದ್ದಾಗ ತರಾತುರಿಯಲ್ಲಿ ಇಟ್ಟಿಗೆ ತುಂಬಿ ಗೋಪುರವನ್ನು ಉಳಿಸಿಕೊಳ್ಳಲಾಯಿತು. ಆ ಇಟ್ಟಿಗೆಯ ತೇಪೆ ಹಲವು ದಶಕ ಎಲ್ಲರ ಕಣ್ಣಿಗೂ ಬೀಳುವಂತಿತ್ತು. ಅದನ್ನು ಯುದ್ಧದ ನೆನಪೆಂದು ಕಂಡವರೂ ಇದ್ದರು. 2005ರ ಹೊತ್ತಿಗೆ ಅದಕ್ಕೆ ಕಲ್ಲಿನ ಹೊದಿಕೆ ಬಂತು. ಗಾಯ ಮುಚ್ಚಿದ್ದು ಸರಿಯೇ? ನೋಡುವವರೇ ತೀರ್ಮಾನಿಸಬೇಕು.

ಒಳಗೆ ಹೊಕ್ಕರೆ ಮಾತು ತಾನಾಗಿಯೇ ತಗ್ಗುತ್ತದೆ. ದಕ್ಷಿಣದ ದೊಡ್ಡ ಕಿಟಕಿಗೆ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ 72 ಬಣ್ಣಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಗಾಜಿನ ಚೌಕಗಳನ್ನು ಹೊಂದಿಸಿದ. ಅದರಲ್ಲಿ ಸಂತರೂ ಇಲ್ಲ, ದೇವದೂತರೂ ಇಲ್ಲ. ಬಿಸಿಲು ಬಂದಾಗ ನೆಲದ ಮೇಲೆ ಬಣ್ಣ ಚೆಲ್ಲುತ್ತದೆ, ಅಷ್ಟೆ. ಕಾಲಲ್ಲಿ ಕಸುವಿದ್ದವರು 533 ಮೆಟ್ಟಿಲು ಹತ್ತಬಹುದು. ದಾರಿಯಲ್ಲಿ 24 ಟನ್ ತೂಕದ ಸಂತ ಪೀಟರನ ಗಂಟೆ ಕಾಣಸಿಗುತ್ತದೆ. ಮೇಲಿನಿಂದ ರೈನ್ ನದಿ ಹಾಸಿದ ಸೀರೆಯಂತೆ ಕಾಣುತ್ತದೆ.

ಮಳೆ, ಹೊಗೆಗೆ ಕಲ್ಲು ಸವೆಯುತ್ತಲೇ ಇರುತ್ತದೆ. ಅದನ್ನು ತೆಗೆದು ಹೊಸದನ್ನು ಕೂರಿಸಲು ಕೆಥೆಡ್ರಲಿಗೆ ತನ್ನದೇ ಕಲ್ಲುಕುಟಿಗರ ಪಡೆ ಇದೆ. ಕೆಥೆಡ್ರಲ್ ಮುಗಿದ ದಿನ ಪ್ರಳಯ ಎನ್ನುವುದು ಊರವರ ಮಾತು. ಗೋಪುರಕ್ಕೆ ಸಾರುವೆ ಕಟ್ಟಿದ್ದರೆ ಫೋಟೊ ಕೆಟ್ಟಿತೆಂದು ಪ್ರವಾಸಿಗರು ಗೊಣಗುತ್ತಾರೆ. ಊರವರಿಗೋ ಅದನ್ನು ಕಂಡರೇ ಸಮಾಧಾನ.